ಮಗುವಿನ ಎದುರು ಕೂರಬೇಡಿ, ಪಕ್ಕದಲ್ಲಿ ನಿಲ್ಲಿ



ರಾತ್ರಿ ಎರಡು ಗಂಟೆಗೆ ಊರಿಂದ ಫೋನ್ ಬಂದರೆ ನಮ್ಮಂಥ ಹೊರನಾಡಿನವರ ಎದೆ ಧಸಕ್ಕೆನ್ನುತ್ತದೆ. ಆಮೇಲಿನದು ನಿಮಗೆ ಗೊತ್ತೇ ಇದೆ. ಸಿಕ್ಕಿದ ಬಸ್ಸು, ತತ್ಕಾಲ್ ಟಿಕೆಟ್ಟು, ಆಫೀಸಿಗೆ ಒಂದು ಮೆಸೇಜು. ಮಗುವಿಗೆ ಪರೀಕ್ಷೆ ಇದ್ದರೆ ಪಕ್ಕದ ಫ್ಲ್ಯಾಟಿನವರ ಹತ್ತಿರ ಬಿಟ್ಟು ಹೊರಡುತ್ತೇವೆ. ಊರಲ್ಲಿ ಕಾರ್ಯವೆಲ್ಲ ಮುಗಿಸಿ ವಾಪಸ್ ಬರುತ್ತೇವೆ. ಮರುದಿನ ಮಗು ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೋಗುತ್ತದೆ. ಕೆಲವು ಮನೆಗಳಲ್ಲಿ ಹೋದವರು ಊರಿನ ಅಜ್ಜಿ ಅಥವಾ ತಾತ. ಇನ್ನು ಕೆಲವು ಮನೆಗಳಲ್ಲಿ, ನಿನ್ನೆ ಮೊನ್ನೆಯವರೆಗೆ ಇದೇ ಫ್ಲ್ಯಾಟಿನಲ್ಲಿ ಓಡಾಡಿಕೊಂಡಿದ್ದ ಅಪ್ಪ ಅಥವಾ ಅಮ್ಮ.

ಆಗ ಮಗು ಅಳದಿದ್ದರೆ "ಎಷ್ಟು ಗಟ್ಟಿ ನೋಡಿ" ಅಂತ ಹೊಗಳುತ್ತೇವೆ. ಮೂರನೇ ದಿನಕ್ಕೇ ಬ್ಯಾಟು ಹಿಡಿದು ಕೆಳಗೆ ಓಡಿದರೆ "ಪಾಪ, ಅದಕ್ಕೇನು ತಿಳಿಯುತ್ತೆ" ಅನ್ನುತ್ತೇವೆ. ಎರಡೂ ತಪ್ಪು. ಇವತ್ತಿನ ಲೇಖನ ಅದರ ಬಗ್ಗೆ. ಐದು ನಿಮಿಷ ಬಿಡುವು ಮಾಡಿಕೊಂಡು ಓದಿ.

*ಮಕ್ಕಳ ದುಃಖ ಹೇಗಿರುತ್ತದೆ?*

ದೊಡ್ಡವರ ದುಃಖ ಹೊಳೆಯ ಹಾಗೆ, ಇಳಿದರೆ ನಡುಮಟ್ಟ ನೀರು. ಮಕ್ಕಳದು ಮಳೆಗಾಲದ ರಸ್ತೆಯ ಹೊಂಡದ ಹಾಗೆ. ಒಂದು ಹೊಂಡಕ್ಕೆ ಹಾರುತ್ತವೆ, ಒದ್ದೆಯಾಗುತ್ತವೆ, ಹೊರಗೆ ಬಂದು ಓಡುತ್ತವೆ, ಮತ್ತೆ ಇನ್ನೊಂದಕ್ಕೆ ಹಾರುತ್ತವೆ. ಹತ್ತು ನಿಮಿಷ ಬಿಕ್ಕಿ ಬಿಕ್ಕಿ ಅತ್ತ ಮಗು ಹನ್ನೊಂದನೇ ನಿಮಿಷ "ಇವತ್ತು ತಿಂಡಿ ಏನು?" ಅಂತ ಕೇಳಿದರೆ ಅದು ಮರೆತಿದೆ ಎಂದಲ್ಲ. ಅಷ್ಟು ಹೊತ್ತು ಮಾತ್ರ ಆ ಭಾರ ಹೊರಲು ಅದಕ್ಕೆ ಆಗುತ್ತದೆ, ಅಷ್ಟೇ.

ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಒಂದು ವಿಚಾರ ಮುಂದಿಟ್ಟರು. ದುಃಖದಲ್ಲಿರುವವರು ಸ್ವಲ್ಪ ಹೊತ್ತು ಹೋದವರ ಕಡೆ ವಾಲುತ್ತಾರೆ, ಸ್ವಲ್ಪ ಹೊತ್ತು ಬದುಕಿನ ಕಡೆ ವಾಲುತ್ತಾರೆ. ಈ ಓಲಾಟವೇ ಆರೋಗ್ಯ ಎಂದರು. ಆಡುವ ಮಗು ದುಃಖದಿಂದ ತಪ್ಪಿಸಿಕೊಳ್ಳುತ್ತಿಲ್ಲ, ಉಸಿರು ತೆಗೆದುಕೊಳ್ಳುತ್ತಿದೆ.

ವಯಸ್ಸಿನ ಲೆಕ್ಕವೂ ಇದೆ. ಐದು ವರ್ಷದ ಒಳಗಿನ ಮಕ್ಕಳಿಗೆ ಸಾವು ಎಂದರೆ ಮರಳಿ ಬಾರದ ದಾರಿ ಎಂಬುದು ಪೂರ್ತಿ ಅರ್ಥವಾಗುವುದಿಲ್ಲ. ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಅದು ತಿಳಿಯತೊಡಗುತ್ತದೆ. ಅದಕ್ಕೇ ಹೊರನಾಡಿನ ನಾವು ಒಂದು ಮಾತನ್ನು ಮಕ್ಕಳಿಗೆ ಹೇಳಲೇಬಾರದು: "ಅಪ್ಪ ಊರಿಗೆ ಹೋಗಿದ್ದಾರೆ." ನಮ್ಮ ಮಕ್ಕಳ ಪಾಲಿಗೆ ಊರಿಗೆ ಹೋದವರು ರಜೆ ಮುಗಿದ ಮೇಲೆ ವಾಪಸ್ ಬರುತ್ತಾರೆ. ಹಾಗೆ ಹೇಳಿದರೆ ಮಗು ಲಿಫ್ಟಿನ ಸದ್ದಿಗೆಲ್ಲ ಬಾಗಿಲ ಕಡೆ ನೋಡುತ್ತದೆ. "ಮಲಗಿದ್ದಾರೆ" ಎಂದರೆ ನಿದ್ದೆಗೇ ಹೆದರುವ ಮಕ್ಕಳಿದ್ದಾರೆ. "ಸತ್ತುಹೋದರು, ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು, ಇನ್ನು ಬರುವುದಿಲ್ಲ, ನಾನು ನಿನ್ನ ಜೊತೆ ಇದ್ದೇನೆ." ಹೇಳಲು ನಮ್ಮ ಗಂಟಲು ಕಟ್ಟುತ್ತದೆ, ಆದರೂ ಇದೇ ಸರಿಯಾದ ಉತ್ತರ.

*ದುಃಖದ ಮಕ್ಕಳಿಗೆ ಒಂದು ಶಿಬಿರ*

ಅಮೆರಿಕದಲ್ಲಿ ಇಂಥ ಮಕ್ಕಳಿಗೆಂದೇ ಬೇಸಿಗೆ ಶಿಬಿರಗಳು ನಡೆಯುತ್ತವೆ. ಲಿನ್ ಹ್ಯೂಸ್ ಎಂಬ ಮಹಿಳೆ ಒಂಬತ್ತನೇ ವಯಸ್ಸಿಗೆ ತಾಯಿಯನ್ನು, ಹನ್ನೆರಡಕ್ಕೆ ತಂದೆಯನ್ನು ಕಳೆದುಕೊಂಡವರು. ದೊಡ್ಡವರಾದ ಮೇಲೆ 1998ರಲ್ಲಿ ವರ್ಜೀನಿಯಾದಲ್ಲಿ 'ಕಂಫರ್ಟ್ ಝೋನ್ ಕ್ಯಾಂಪ್' ಶುರು ಮಾಡಿದರು. ಅಲ್ಲಿ ಪ್ರತಿ ಮಗುವಿಗೂ ಒಬ್ಬ ದೊಡ್ಡ ಸ್ವಯಂಸೇವಕ ಜೊತೆಗಾರ. ಅವರನ್ನು 'ಬಿಗ್ ಬಡ್ಡಿ' ಎನ್ನುತ್ತಾರೆ. ಬೇಸ್‌ಬಾಲ್ ಆಟಗಾರ ಜೇಮಿ ಮೋಯರ್ ಮತ್ತು ಅವರ ಪತ್ನಿ ಕ್ಯಾರೆನ್, ಕ್ಯಾನ್ಸರ್‌ನಿಂದ 17ನೇ ವಯಸ್ಸಿನಲ್ಲಿ ತೀರಿಕೊಂಡ ಎರಿನ್ ಎಂಬ ಹುಡುಗಿಯ ನೆನಪಿಗೆ 2002ರಲ್ಲಿ 'ಕ್ಯಾಂಪ್ ಎರಿನ್' ಆರಂಭಕ್ಕೆ ಕಾರಣರಾದರು. 6ರಿಂದ 17 ವರ್ಷದ ಮಕ್ಕಳಿಗೆ ವಾರಾಂತ್ಯದ ಶಿಬಿರ, ಕುಟುಂಬದವರಿಂದ ಹಣ ಪಡೆಯುವುದಿಲ್ಲ.

ಅಲ್ಲಿಗೆ ಬರುವ ಪ್ರತಿ ಮಗುವೂ ಯಾರನ್ನೋ ಕಳೆದುಕೊಂಡಿರುತ್ತದೆ. ಕ್ಲಾಸಿನಲ್ಲಿ ತನಗೊಬ್ಬನಿಗೇ ಅಪ್ಪ ಇಲ್ಲ ಎಂದು ಕುಗ್ಗಿ ಕೂರುವ ಹುಡುಗನಿಗೆ, ಇಲ್ಲಿ ಊಟದ ಬೆಂಚಿನ ಎದುರಿಗೂ ಪಕ್ಕದಲ್ಲೂ ತನ್ನಂಥವರೇ ಕಾಣುತ್ತಾರೆ. ಹೋದವರ ಫೋಟೋಗಳನ್ನು ಒಂದು ಫಲಕಕ್ಕೆ ಅಂಟಿಸುತ್ತಾರೆ, ರಾತ್ರಿ ಅವರ ಹೆಸರಿನಲ್ಲಿ ದೀಪ ಹಚ್ಚುತ್ತಾರೆ. ತರಬೇತಿ ಪಡೆದವರು ಗುಂಪಿನಲ್ಲಿ ಕೂರಿಸಿ ಮಾತಾಡಿಸುತ್ತಾರೆ.

ಉಳಿದ ಹೊತ್ತೆಲ್ಲ ಆಟ. ದೋಣಿ, ಬಿಲ್ಲುಬಾಣ, ಹಗ್ಗ ಹತ್ತುವುದು, ಕೆರೆಯ ದಂಡೆಯಲ್ಲಿ ಗಾಳ ಹಾಕುವುದು. ಇದನ್ನೆಲ್ಲ ಕಲಿಸಲು ಬರುವವರು ಹೆಚ್ಚಾಗಿ ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ನಿವೃತ್ತ ಮೇಷ್ಟ್ರು, ಮೆಕ್ಯಾನಿಕ್ಕು, ಬ್ಯಾಂಕಿನವರು. ಅವರ ಹತ್ತಿರ ಇರುವುದು ಒಂದು ಹವ್ಯಾಸ ಮತ್ತು ಒಂದು ವಾರಾಂತ್ಯ.

*ಗಾಳ ಹಾಕುವುದರಲ್ಲಿ ಏನಿದೆ?*

"ಮೀನು ಹಿಡಿಯೋದಾ? ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟಲ್ಲ" ಎನ್ನುವವರು ಸ್ವಲ್ಪ ತಾಳಿ. ಇಂಥ ಕಡೆ ಮಕ್ಕಳಿಗೆ ಹೆಚ್ಚಾಗಿ ಕಲಿಸುವುದು ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವುದನ್ನು. ಅದರಲ್ಲಿ 'ಫ್ಲೈ ಫಿಶಿಂಗ್' ಎಂಬ ಒಂದು ಬಗೆ ಇದೆ. ಗರಿ, ದಾರ ಸುತ್ತಿ ನೊಣದಂಥ ಒಂದು ಪುಟ್ಟ ವಸ್ತು ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ, ತೂಕ ಇರುವುದು ದಾರದಲ್ಲಿ. ಆ ದಾರವನ್ನು ಗಾಳಿಯಲ್ಲಿ ಬೀಸಿ ನೀರಿನ ಮೇಲೆ ಮೆತ್ತಗೆ ಇಳಿಸಬೇಕು.

ಮೊದಲ ಪಾಠ ನೀರಿನ ಹತ್ತಿರ ಇರುವುದಿಲ್ಲ, ಹುಲ್ಲಿನ ಮೇಲೆ. ಕೊಕ್ಕೆಯ ಜಾಗದಲ್ಲಿ ಬಣ್ಣದ ಉಣ್ಣೆಯ ಚೂರು ಕಟ್ಟಿರುತ್ತಾರೆ, ಯಾರ ಕಣ್ಣಿಗೂ ತಾಗಬಾರದಲ್ಲ! ಕೋಲನ್ನು ಹಿಂದಕ್ಕೆ ಎತ್ತಿ ಒಂದು ಕ್ಷಣ ನಿಲ್ಲಬೇಕು. ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಂಡ ಮೇಲೆಯೇ ಮುಂದಕ್ಕೆ ತರಬೇಕು. ಅವಸರ ಮಾಡಿದರೆ ದಾರ ಕಾಲಿಗೇ ಸುತ್ತಿಕೊಳ್ಳುತ್ತದೆ. ಎಲ್ಲ ಮಕ್ಕಳೂ ಮೊದಲು ಅವಸರ ಮಾಡುತ್ತವೆ. ದಾರ ಗಂಟಾಗುತ್ತದೆ. ಆಗ ದೊಡ್ಡವರು, ಚಿಕ್ಕವರು ಇಬ್ಬರೂ ತಲೆ ಬಗ್ಗಿಸಿ ಗಂಟು ಬಿಡಿಸುತ್ತಾ ಕೂರುತ್ತಾರೆ.

ಮಾತು ಹೊರಬರುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಕೈ ಕೆಲಸದಲ್ಲಿದೆ. ಕಣ್ಣು ದಾರದ ಮೇಲಿದೆ. ಯಾರೂ ಮುಖ ನೋಡುತ್ತಿಲ್ಲ. "ನಮ್ಮಪ್ಪನಿಗೂ ಹೀಗೇ ಗಂಟು ಬಿಡಿಸೋದು ಬರ್ತಿತ್ತು" ಅಂತ ಒಂದು ವಾಕ್ಯ ಹೊರಗೆ ಬಂದರೆ ಸಾಕು. ಪಕ್ಕದಲ್ಲಿರುವವರು "ಹೌದಾ? ಇನ್ನೇನು ಬರ್ತಿತ್ತು ಅವರಿಗೆ?" ಎಂದು ಕೇಳಿ, ಗಂಟು ಬಿಡಿಸುವುದನ್ನು ಮುಂದುವರಿಸುತ್ತಾರೆ. ಮಗು ಮುಂದೆ ಮಾತಾಡಿದರೆ ಕೇಳುತ್ತಾರೆ, ಮಾತಾಡದಿದ್ದರೆ ಬಿಡುತ್ತಾರೆ.

ಹೋಲಿಸಿ ನೋಡಿ, ನಾವು ಮನೆಯಲ್ಲಿ ಏನು ಮಾಡುತ್ತೇವೆ? ಮಗುವನ್ನು ಸೋಫಾದ ಮೇಲೆ ಎದುರಿಗೆ ಕೂರಿಸಿ, ಕೈ ಹಿಡಿದು, "ಹೇಗನಿಸ್ತಿದೆ ಹೇಳು ಪುಟ್ಟಾ" ಎನ್ನುತ್ತೇವೆ. ನಮ್ಮ ಕಣ್ಣಲ್ಲಿ ನೀರು ತುಂಬಿರುವುದು ಅದಕ್ಕೆ ಕಾಣುತ್ತದೆ. ತಾನು ಮಾತಾಡಿದರೆ ಅಮ್ಮ ಅಳುತ್ತಾಳೆ ಎಂದು ಅದಕ್ಕೆ ಗೊತ್ತು. "ಏನೂ ಇಲ್ಲ" ಎನ್ನುತ್ತದೆ. ಅಮ್ಮನನ್ನು ಕಾಪಾಡುವ ಕೆಲಸವನ್ನು ಎಂಟು ವರ್ಷದ ಮಗು ಹೊತ್ತುಕೊಳ್ಳುತ್ತದೆ.

*ಇದು ಹೇಗೆ ನೆರವಾಗುತ್ತದೆ?*

1. ಪಕ್ಕಪಕ್ಕ ನಿಂತಾಗ ಮಾತು ಸುಲಭ. ಮುಖಕ್ಕೆ ಮುಖ ಕೊಟ್ಟು ಕೂತಾಗ ಮಗುವಿಗೆ ಅದು ಪರೀಕ್ಷೆಯಂತೆ ಕಾಣುತ್ತದೆ.

2. ಸಾವಿನ ಮನೆಯಲ್ಲಿ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ. ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸುತ್ತಾರೆ. ಗಾಳ ಬೀಸಲು ಕಲಿತಾಗ, ಒಂದು ಹಕ್ಕಿಯ ಹೆಸರು ತಾನೇ ಹೇಳಿದಾಗ, "ನನ್ನ ಕೈಲಿ ಏನೋ ಆಗುತ್ತದೆ" ಎಂಬ ಧೈರ್ಯ ಮರಳುತ್ತದೆ.

3. ಕಲಿಸುವ ದೊಡ್ಡವರು ಆ ಸಾವಿನಲ್ಲಿ ಮುಳುಗಿದವರಲ್ಲ. ಅವರನ್ನು ಕಾಪಾಡುವ ಹೊಣೆ ಮಗುವಿಗಿಲ್ಲ.

4. ನಕ್ಕರೆ ಯಾರೂ ತಪ್ಪು ತಿಳಿಯುವುದಿಲ್ಲ. "ಅಪ್ಪ ಹೋಗಿ ತಿಂಗಳಾಗಿಲ್ಲ, ನಗ್ತಿದೀಯಲ್ಲ" ಎನ್ನುವವರು ಅಲ್ಲಿಲ್ಲ.

5. ಓಡಾಟ, ಬಿಸಿಲು, ಹಸಿವು, ಗಾಢ ನಿದ್ದೆ. ದುಃಖ ಮಕ್ಕಳಲ್ಲಿ ಹೊಟ್ಟೆನೋವು, ತಲೆನೋವು, ನಿದ್ದೆಗೇಡಿನ ರೂಪದಲ್ಲಿ ಬರುವುದು ಹೆಚ್ಚು. ದೇಹ ದಣಿದರೆ ಮನಸ್ಸಿಗೂ ವಿರಾಮ.

ಎರಡು ದಿನದ ಶಿಬಿರ ದುಃಖವನ್ನು ಅಳಿಸುವುದಿಲ್ಲ. ಅಳಿಸುವುದು ಅದರ ಉದ್ದೇಶವೂ ಅಲ್ಲ. ದುಃಖದ ಜೊತೆಗೇ ಬದುಕಬಹುದು ಎಂದು ತೋರಿಸಿಕೊಡುವುದು ಉದ್ದೇಶ.

*ಮುಂಬೈಯ ಒಬ್ಬ ಹುಡುಗನ ಕಥೆ*

ಇದೆಲ್ಲ ವಿದೇಶದ ಮಾತು ಎನ್ನಬೇಡಿ. ನೂರು ವರ್ಷಕ್ಕೂ ಹಿಂದೆ ಮುಂಬೈಯ ಖೇತವಾಡಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ವರ್ಷದವನಿದ್ದಾಗ ತಂದೆ, ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತಯಬ್‌ಜಿ ಅವನನ್ನು ಸಾಕಿದರು. ಒಂದು ದಿನ ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯ ಕತ್ತಿನ ಮೇಲೆ ಹಳದಿ ಗುರುತು ಕಂಡಿತು. ಇದು ಯಾವ ಹಕ್ಕಿ ಎಂಬ ಕುತೂಹಲ. ಮಾವನ ಮೂಲಕ ಅದು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ, ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಹತ್ತಿರಕ್ಕೆ ಕರೆದೊಯ್ದಿತು. ಮಿಲ್ಲಾರ್ಡ್ ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಹಕ್ಕಿಯನ್ನು ಗುರುತಿಸಿಕೊಟ್ಟರು, ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ತೋರಿಸಿದರು, ಪುಸ್ತಕ ಕೊಟ್ಟರು. ಆ ಹುಡುಗನೇ ಡಾ. ಸಲೀಂ ಅಲಿ.

ಹಕ್ಕಿಗಳಿಂದ ಅವರ ಅನಾಥ ನೋವು ವಾಸಿಯಾಯಿತು ಎಂದು ನಾನು ಹೇಳುತ್ತಿಲ್ಲ. ಇಷ್ಟು ಮಾತ್ರ ನಿಜ: ಅಪ್ಪ ಅಮ್ಮ ಇಲ್ಲದ ಒಂದು ಮಗುವಿಗೆ ಒಬ್ಬ ದೊಡ್ಡ ಮನುಷ್ಯ ತನ್ನ ಹವ್ಯಾಸದ ಬಾಗಿಲು ತೆರೆದರು. ಆ ಬಾಗಿಲಿನಿಂದ ಒಳಗೆ ಹೋದ ಹುಡುಗ ಜೀವನಪೂರ್ತಿ ಅಲ್ಲೇ ಉಳಿದ.

*ನಮ್ಮ ಊರುಗಳಲ್ಲಿ ಯಾರು ಮಾಡುತ್ತಿದ್ದರು?*

ಯೋಚಿಸಿ ನೋಡಿ. ನಮ್ಮ ಕಡೆ ಸಾವಾದ ಮನೆಯ ಮಕ್ಕಳನ್ನು ಯಾರಾದರೂ ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಸೋದರಮಾವ ತೋಟಕ್ಕೆ, ಚಿಕ್ಕಪ್ಪ ಹೊಳೆಗೆ, ದೊಡ್ಡಮ್ಮನ ಮಗ ಗಾಳಿಪಟ ಹಾರಿಸಲು. ಯಾರೂ ಅದನ್ನು ಚಿಕಿತ್ಸೆ ಎಂದು ಕರೆಯಲಿಲ್ಲ. ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಆ ಮಾವನಿಲ್ಲ, ಚಿಕ್ಕಪ್ಪನಿಲ್ಲ, ತೋಟವೂ ಇಲ್ಲ. ಇರುವುದು ಮೊಬೈಲು. ಅಮೆರಿಕದ ಆ ಸ್ವಯಂಸೇವಕರು ಮಾಡುತ್ತಿರುವುದು ನಮ್ಮ ಸೋದರಮಾವನ ಕೆಲಸವನ್ನೇ. ಆ ಕೆಲಸವನ್ನು ಇಲ್ಲಿ ನಾವು ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕು.

*ನಿಮ್ಮ ನಗರದಲ್ಲಿ ಎಲ್ಲಿಗೆ ಹೋಗಬಹುದು?*

🔹 ಮುಂಬೈ: ಚಳಿಗಾಲದಿಂದ ಬೇಸಿಗೆಯವರೆಗೆ ಶಿವಡಿ, ಠಾಣೆ ಖಾರಿಯ ಕೆಸರಿನಲ್ಲಿ ಸಾವಿರಾರು ಫ್ಲೆಮಿಂಗೊಗಳು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಈಗಲೂ ಪ್ರಕೃತಿ ನಡಿಗೆಗಳನ್ನು ಏರ್ಪಡಿಸುತ್ತದೆ.

🔹 ಪುಣೆ: ಬೆಳಗ್ಗೆ ವೇತಾಳ ಟೇಕಡಿ ಹತ್ತುವ ಹಿರಿಯರ ಗುಂಪುಗಳಿವೆ. ನವಿಲಿನ ಕೂಗು ಕೇಳಲು ಮಗುವನ್ನು ಕರೆದೊಯ್ಯಿರಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಸಿಂಹಗಡ ಇದೆ.

🔹 ಚೆನ್ನೈ: ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ 1988ರಿಂದ ರಾತ್ರಿ ಕಡಲತೀರದಲ್ಲಿ ನಡೆದು ಆಮೆಯ ಮೊಟ್ಟೆಗಳನ್ನು ಕಾಪಾಡುತ್ತಿದೆ. ಋತುವಿನಲ್ಲಿ ಸಾರ್ವಜನಿಕರೂ ಜೊತೆ ನಡೆಯಬಹುದು. ಆದರೆ ತೀರದಲ್ಲಿ ಸತ್ತ ಆಮೆಗಳೂ ಕಾಣುತ್ತವೆ. ಮೊದಲೇ ಮಗುವಿಗೆ ಹೇಳಿ, ಬರುತ್ತೀಯಾ ಎಂದು ಕೇಳಿ. ಬೇಡ ಎಂದರೆ ಪಳ್ಳಿಕರಣೈ ಜೌಗಿನ ಹಕ್ಕಿಗಳಿವೆ.

🔹 ಹೈದರಾಬಾದ್: ಕೋಟ್ಯಂತರ ವರ್ಷ ಹಳೆಯ ಬಂಡೆಗಳನ್ನು ಉಳಿಸಲು ಹೋರಾಡುವ 'ಸೊಸೈಟಿ ಟು ಸೇವ್ ರಾಕ್ಸ್' ಬಂಡೆಗಳ ನಡುವೆ ನಡಿಗೆ ಏರ್ಪಡಿಸುತ್ತದೆ.

🔹 ದೆಹಲಿ: ಚಳಿಗಾಲದಲ್ಲಿ ಓಖ್ಲಾ ಪಕ್ಷಿಧಾಮ, ಯಮುನಾ ಜೀವವೈವಿಧ್ಯ ಉದ್ಯಾನ. ದೂರದಿಂದ ಹಾರಿ ಬಂದ ಬಾತುಗಳು ಮಗುವಿಗೆ ಕೈಗೆಟುಕುವಷ್ಟು ಹತ್ತಿರ ಕಾಣುತ್ತವೆ.

ಇವು ಯಾವುವೂ ದುಃಖದ ಮಕ್ಕಳಿಗೆಂದು ಮಾಡಿದ ಕಾರ್ಯಕ್ರಮಗಳಲ್ಲ. ಅಲ್ಲಿಗೆ ಮಗುವಿನ ಜೊತೆ ಹೋಗುವ ಒಬ್ಬ ಮನುಷ್ಯ ಬೇಕು, ಅಷ್ಟೇ. ಆ ಮನುಷ್ಯ ನೀವಾಗಬಹುದು.

*ನೀವು ಜೊತೆಗಾರರಾಗುವುದಾದರೆ*

✅ ಒಂದೇ ಸಲ ದೊಡ್ಡ ಟ್ರಿಪ್ಪು ಬೇಡ. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ಒಂದೂವರೆ ಗಂಟೆ ಸಾಕು. ಆದರೆ ಹೇಳಿದ ದಿನ ತಪ್ಪಿಸಬೇಡಿ. ಒಬ್ಬರು ಹೇಳದೆ ಹೊರಟುಹೋದದ್ದನ್ನು ಈ ಮಗು ಈಗಾಗಲೇ ಕಂಡಿದೆ.

✅ ನಿಮಗೆ ನಿಜವಾಗಿ ಇಷ್ಟವಿರುವ ಹವ್ಯಾಸವನ್ನೇ ಹಂಚಿಕೊಳ್ಳಿ. ಗಿಡ ನೆಡುವುದು, ಸೈಕಲ್ಲು, ಗಾಳಿಪಟ, ನಕ್ಷತ್ರ ನೋಡುವುದು, ಯಾವುದಾದರೂ ಸರಿ.

✅ ಹೋದವರ ಹೆಸರು ಹೇಳಲು ಹಿಂಜರಿಯಬೇಡಿ. "ನಿಮ್ಮ ಅಜ್ಜಿಗೆ ಯಾವ ಹೂವು ಇಷ್ಟ ಇತ್ತು?" ಎಂದು ನಡೆಯುತ್ತಾ ಕೇಳಿ. ಉತ್ತರ ಬರದಿದ್ದರೆ ಮುಂದೆ ನಡೆಯಿರಿ.

✅ ಸತ್ತ ಹಕ್ಕಿ, ಸತ್ತ ಚಿಟ್ಟೆ ಕಂಡರೆ ಮಗುವಿನ ಕಣ್ಣು ಮುಚ್ಚಬೇಡಿ. ಪ್ರಶ್ನೆ ಬಂದರೆ ನೇರವಾಗಿ ಉತ್ತರಿಸಿ. "ನಾನು ಸಿಟ್ಟಲ್ಲಿ ಬೈದಿದ್ದಕ್ಕೇ ಅಪ್ಪ ಸತ್ತರಾ?" ಎಂಬ ಪ್ರಶ್ನೆ ಒಳಗೇ ಇಟ್ಟುಕೊಂಡ ಮಕ್ಕಳಿರುತ್ತಾರೆ. "ಇಲ್ಲ. ಬೈಗುಳದಿಂದ ಯಾರೂ ಸಾಯುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿ.

❌ "ಇನ್ಮೇಲೆ ನೀನೇ ಮನೆಯ ಯಜಮಾನ", "ಅಮ್ಮನ ಮುಂದೆ ಅಳಬೇಡ", "ದೇವರಿಗೆ ಒಳ್ಳೆಯವರೇ ಬೇಕು". ಈ ಮೂರು ಮಾತು ಬೇಡ. ಮೂರನೆಯದನ್ನು ಕೇಳಿದ ಮಗು ಒಳ್ಳೆಯವನಾಗಲು ಹೆದರಬಹುದು!

*ಪೋಷಕರಿಗೆ ಒಂದು ಎಚ್ಚರಿಕೆಯ ಮಾತು*

ಮಗುವನ್ನು ಯಾರದೋ ಜೊತೆ ಒಂಟಿಯಾಗಿ ಕಳಿಸಬೇಡಿ. ಎಷ್ಟೇ ಪರಿಚಯವಿದ್ದರೂ ಗುಂಪಿನಲ್ಲೇ ಇರಲಿ, ಮೊದಲ ಕೆಲವು ಸಲ ನೀವೂ ಹೋಗಿ ಸ್ವಲ್ಪ ಹಿಂದೆ ನಡೆಯಿರಿ. ಆ ವಿದೇಶಿ ಶಿಬಿರಗಳಲ್ಲೂ ಸ್ವಯಂಸೇವಕರ ಹಿನ್ನೆಲೆ ಪರಿಶೀಲಿಸಿ, ತರಬೇತಿ ಕೊಟ್ಟ ಮೇಲೆಯೇ ಮಕ್ಕಳ ಜೊತೆ ಬಿಡುತ್ತಾರೆ. ಒಳ್ಳೆಯ ಮನಸ್ಸಿನವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ನೀವೂ ದುಃಖದಲ್ಲಿದ್ದೀರಿ. ಮಗು ಆ ಒಂದೂವರೆ ಗಂಟೆ ಹೊರಗಿದ್ದಾಗ ನೀವು ಬಾಗಿಲು ಹಾಕಿಕೊಂಡು ಅತ್ತರೂ ತಪ್ಪಿಲ್ಲ, ಮಲಗಿದರೂ ತಪ್ಪಿಲ್ಲ. ಮಗುವಿನ ಮುಂದೆ ಕಣ್ಣೀರು ಬಂದರೆ "ಅಪ್ಪನ ನೆನಪಾಯಿತು, ಅದಕ್ಕೆ ಅಳು ಬಂತು, ಆಮೇಲೆ ಸರಿಹೋಗುತ್ತೆ" ಎನ್ನಿ. ಅಳುವುದು, ಮತ್ತೆ ಎದ್ದು ಅನ್ನ ಬಡಿಸುವುದು, ಎರಡನ್ನೂ ಅದು ನಿಮ್ಮಿಂದಲೇ ಕಲಿಯುತ್ತದೆ.

*ಡಾಕ್ಟರ ಹತ್ತಿರ ಯಾವಾಗ?*

ಹಾಸಿಗೆ ಒದ್ದೆ ಮಾಡುವುದು, ಅಂಟಿಕೊಂಡಿರುವುದು, ಅಂಕ ಕಡಿಮೆಯಾಗುವುದು ಮೊದಲ ಕೆಲವು ವಾರಗಳಲ್ಲಿ ಸಹಜ. ಆದರೆ ತಿಂಗಳುಗಳು ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಸ್ಕೂಲಿಗೆ ಹೋಗಲು ಪೂರ್ತಿ ನಿರಾಕರಿಸಿದರೆ, ಯಾವ ಆಟದಲ್ಲೂ ಮನಸ್ಸಿಲ್ಲದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. "ನಾನೂ ಅಪ್ಪನ ಹತ್ತಿರ ಹೋಗ್ತೀನಿ" ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಚ್ಚಿನ ಪುಟ್ಟ ಮಕ್ಕಳು ಹಂಬಲದಿಂದ ಹಾಗೆ ಹೇಳುತ್ತಾರೆ. ಆದರೂ ಏನರ್ಥ ಎಂದು ಶಾಂತವಾಗಿ ಕೇಳಿ, ಅದೇ ದಿನ ತಜ್ಞರ ಸಲಹೆ ಪಡೆಯಿರಿ. ಮಗು ತನಗೇ ನೋವು ಮಾಡಿಕೊಂಡರೆ ಕಾಯಲೇಬೇಡಿ.

📞 ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ: 14416. ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ರಾಷ್ಟ್ರೀಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ, ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿ.
📞 ಮಕ್ಕಳ ಸಹಾಯವಾಣಿ: 1098.

*ಕೊನೆಯದಾಗಿ*

ನಿಮ್ಮ ಕಟ್ಟಡದಲ್ಲೋ, ಕನ್ನಡ ಸಂಘದಲ್ಲೋ, ಮಗನ ಕ್ಲಾಸಿನಲ್ಲೋ ಇತ್ತೀಚೆಗೆ ಯಾರನ್ನೋ ಕಳೆದುಕೊಂಡ ಒಂದು ಮಗು ಇದ್ದೇ ಇರುತ್ತದೆ. ಮೊದಲ ವಾರ ಎಲ್ಲರೂ ಊಟ ತಂದುಕೊಡುತ್ತಾರೆ. ಮೂರನೇ ತಿಂಗಳಿಗೆ ಎಲ್ಲರೂ ಮರೆತಿರುತ್ತಾರೆ. ಮಗು ಮರೆತಿರುವುದಿಲ್ಲ. ಆ ಮೂರನೇ ತಿಂಗಳಲ್ಲಿ ಬಾಗಿಲು ತಟ್ಟಿ, "ಭಾನುವಾರ ಹಕ್ಕಿ ನೋಡೋಕೆ ಹೋಗ್ತಿದ್ದೀವಿ, ನೀವಿಬ್ಬರೂ ಬರ್ತೀರಾ?" ಎಂದು ಕೇಳಿ.

ಬರಲ್ಲ ಎಂದರೆ ಮುಂದಿನ ತಿಂಗಳು ಮತ್ತೆ ಕೇಳಿ.

ಇದನ್ನು ನಿಮ್ಮ ಬಳಗದ ಗುಂಪಿಗೂ ಕಳಿಸಿ. ಯಾವ ಮನೆಗೆ ಯಾವಾಗ ಬೇಕಾಗುತ್ತದೋ ಯಾರಿಗೆ ಗೊತ್ತು. 🙏